ಹಣೆಯಿಂದ ಇಳಿದ ಮೂಗು

ಮೂರನೆಯ ಮೈಸೂರು ಯುದ್ಧದ ಪುಸ್ತಕಗಳಲ್ಲಿ ಹುಲಿಯೂರುದುರ್ಗದ ಹೆಸರು ಬರುವುದು ಕೋಟೆಯ ನೆಪದಲ್ಲಿ. 1791ರ ಮೇ ತಿಂಗಳಲ್ಲಿ ಎತ್ತುಗಳು ಸತ್ತು, ಫಿರಂಗಿ ಎಳೆಯಲು ಗತಿಯಿಲ್ಲದೆ ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊಸ್ತಿಲಿಂದ ಹಿಂದಿರುಗಿದ. ಜೂನ್‌ನಲ್ಲಿ ಈ ದುರ್ಗ ಅವನ ಕೈಸೇರಿತು. ಮರುವರ್ಷದ ಫೆಬ್ರವರಿಯಲ್ಲಿ ಅವನ ದಂಡು ಪಟ್ಟಣಕ್ಕೆ ಹೊರಟದ್ದೂ ಇಲ್ಲಿಂದಲೇ. ಅದು ಎತ್ತುಗಳ ಯುದ್ಧ. ದವಸ ಬರದಿದ್ದರೆ ದಂಡು ನಿಲ್ಲದು. ಹಾಗಾಗಿ ಎತ್ತು ಹೊಡೆಯುವವನಿಗೂ ಸಿಪಾಯಿಯಷ್ಟೇ ಅಪಾಯ. ಇಂಗ್ಲಿಷರ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ಟಿಪ್ಪುವಿನವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆ ಯುದ್ಧದ ಒಪ್ಪಂದ ಏಳು ವರ್ಷ ಬಾಳಲಿಲ್ಲ. ಅವನ ಮುಖ ಕಲಿಸಿದ ವಿದ್ಯೆ ಇಂದಿಗೂ ಬಾಳುತ್ತಿದೆ ಎಂಬುದು ನನ್ನ ವಾದ.

ವರ್ಷಕ್ಕೂ ಮೇಲೆ ಮೂಗಿಲ್ಲದೆ ಬದುಕಿದವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬ ಹೊಸ ಮೂಗು ಕೂರಿಸಿದ. ತೆಳು ಮೇಣದಲ್ಲಿ ಮೂಗಿನ ಅಚ್ಚು ತೆಗೆದು, ಚಪ್ಪಟೆ ಮಾಡಿ, ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಕಣ್ಣುಗಳ ನಡುವೆ ಒಂದು ತೊಟ್ಟು ಉಳಿಸಿ ಮಿಕ್ಕ ಚರ್ಮ ಬಿಡಿಸಿದ. ಅದನ್ನು ತಿರುಚಿ ಕೆಳಗಿಳಿಸಿ, ನೀರಲ್ಲಿ ನೆನೆಸಿದ ಕಾಚನ್ನು ಬಟ್ಟೆಗೆ ಬಳಿದು ಅಂಟಿಸಿದ. ನಾಲ್ಕು ದಿನದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೆಯ ದಿನ ತೊಟ್ಟಿಗೆ ಕತ್ತರಿ. ಜಾಣತನವೆಲ್ಲ ಆ ತೊಟ್ಟಿನಲ್ಲಿದೆ, ರಕ್ತ ಹರಿಯುವುದು ಅದರಲ್ಲೇ. ಆ ಜಾಣತನ ಇಂದಿಗೂ ಬಳಕೆಯಲ್ಲಿದೆ. ಉದಾಹರಣೆಗೆ, ನೆತ್ತಿಯ ಚರ್ಮ ದಪ್ಪಗಾಗಿ ಉತ್ತ ಹೊಲದ ಸಾಲಿನಂತೆ ಮಡಿಕೆ ಬೀಳುವ ಅಪರೂಪದ ಕಾಯಿಲೆಯೊಂದಿದೆ, ಕ್ಯೂಟಿಸ್ ವರ್ಟಿಸಿಸ್ ಗೈರೇಟಾ. ಅಲ್ಲಿ ಮಡಿಕೆ ಕೊಯ್ದ ಜಾಗ ದೊಡ್ಡದಾದರೆ ಇಂದಿನ ಸರ್ಜನ್ನರು ಪಕ್ಕದ ನೆತ್ತಿಯ ಚರ್ಮವನ್ನು ಬುಡ ಬಿಡಿಸದೆ ಸರಿಸಿ ಮುಚ್ಚುವುದುಂಟು. ನೆತ್ತಿಯಾಗಲಿ ಹಣೆಯಾಗಲಿ, ಲೆಕ್ಕ ಒಂದೇ.

ಇದೆಲ್ಲ ಸುಶ್ರುತನದೇ ಎನ್ನುವವರಿದ್ದಾರೆ. ಸುಶ್ರುತ ಸಂಹಿತೆ ಎಲೆಯ ಅಳತೆ ಹಿಡಿದು ಚರ್ಮ ತೆಗೆಯಹೇಳುವುದು ಕೆನ್ನೆಯಿಂದ. ಹಣೆಗೆ ಏರಿದ್ದು ಕೈಕಸುಬಿನವರ ಬುದ್ಧಿ ಎಂದೇ ನನಗನ್ನಿಸುತ್ತದೆ. ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿಯಾದುದು: 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಈ ಸುದ್ದಿ ಅಚ್ಚು ಹಾಕಿದಾಗ ಟಿಪ್ಪುವನ್ನು ರಾಕ್ಷಸನೆಂದು ತೋರಿಸುವುದು ಇಂಗ್ಲಿಷರಿಗೆ ಬೇಕಾಗಿತ್ತು. ನಿಜವೇ. ಮೂಗು ಕೊಯ್ಯುವುದು ಟಿಪ್ಪು ಹುಟ್ಟುಹಾಕಿದ್ದೂ ಅಲ್ಲ. 17ನೆಯ ಶತಮಾನದ ಮೈಸೂರು-ಮಧುರೆ ಜಗಳದಲ್ಲೇ ಅದಿತ್ತು. ಆದರೆ ಕೊಯ್ದವರ ಕಥೆಗೆ ಎಷ್ಟೇ ಬಣ್ಣ ಬಳಿದಿರಲಿ, ಕೂರಿಸಿದವನ ಕಥೆ ಸುಳ್ಳಾಗಿದ್ದರೆ 1814ರಲ್ಲಿ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಅದೇ ಕ್ರಮದಲ್ಲಿ ಮಾಡಿದ ಮೂಗು ನಿಲ್ಲುತ್ತಿರಲಿಲ್ಲ. ಮ್ಯಾಗಜೀನಿನ ಆ ವರದಿಯಲ್ಲಿ ಕಾವಸ್‌ಜಿಯ ಹೆಸರಿದೆ, ಇಂಥ ಕೆಲಸ ಕಣ್ಣಾರೆ ಕಂಡ ವೈದ್ಯರ ಹೆಸರೂ ಇದೆ. ಇಟ್ಟಿಗೆಯವನ ಹೆಸರಿಲ್ಲ.