ಬೂಟ್ ಮಾಡಬಲ್ಲ ಕಂಟೇನರ್

ಬೂಟ್ ಮಾಡಬಲ್ಲ ಕಂಟೇನರ್ ಎಂಬುದು ಗಣಕಯಂತ್ರದ ಸಂಪೂರ್ಣ ಕಾರ್ಯಾಚರಣಾ ವ್ಯವಸ್ಥೆಯನ್ನು ಕಂಟೇನರ್ ಇಮೇಜಿನ ರೂಪದಲ್ಲಿ ಸಿದ್ಧಪಡಿಸಿ, ಹಂಚಿ, ನವೀಕರಿಸುವ ವಿಧಾನವಾಗಿದೆ. ಲಿನಕ್ಸ್‌ನಲ್ಲಿ ಇದಕ್ಕಾಗಿ ಬಳಕೆಯಲ್ಲಿರುವ ಪ್ರಮುಖ ಮುಕ್ತ ತಂತ್ರಾಂಶ 'ಬೂಟ್‌ಸಿ'. ಇದನ್ನು ರಸ್ಟ್ ಭಾಷೆಯಲ್ಲಿ ಬರೆಯಲಾಗಿದೆ.

ಹಿನ್ನೆಲೆ

2013ರಲ್ಲಿ ಡಾಕರ್ ಬಿಡುಗಡೆಯಾದ ಬಳಿಕ, ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದ ಕಡತಗಳೊಡನೆ ಒಂದೇ ಪೊಟ್ಟಣವಾಗಿ ಸಾಗಿಸುವ ಪದ್ಧತಿ ವ್ಯಾಪಕವಾಯಿತು. 2015ರಲ್ಲಿ ಸ್ಥಾಪನೆಯಾದ ಓಪನ್ ಕಂಟೇನರ್ ಇನಿಶಿಯೇಟಿವ್ ಇಂತಹ ಇಮೇಜುಗಳಿಗೆ ಸಾಮಾನ್ಯ ಮಾನಕವನ್ನು ರೂಪಿಸಿತು. ಸಾಮಾನ್ಯ ಕಂಟೇನರ್ ತಾನು ನಡೆಯುವ ಯಂತ್ರದ ಕರ್ನೆಲನ್ನೇ ಬಳಸುತ್ತದೆ. ಬೂಟ್ ಮಾಡಬಲ್ಲ ಇಮೇಜಿನಲ್ಲಾದರೋ ಕರ್ನೆಲ್ ಕೂಡ ಸೇರಿರುತ್ತದೆ. ರೆಡ್ ಹ್ಯಾಟ್ ಸಂಸ್ಥೆಯು 2024ರ ಮೇ ತಿಂಗಳಿನಲ್ಲಿ ತನ್ನ ಲಿನಕ್ಸ್‌ಗೆ 'ಇಮೇಜ್ ಮೋಡ್' ಅನ್ನು ಪ್ರಕಟಿಸಿತು. 2025ರ ಜನವರಿಯಲ್ಲಿ ಬೂಟ್‌ಸಿಯನ್ನು ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ತನ್ನ ಆರಂಭಿಕ ಹಂತದ ಯೋಜನೆಯಾಗಿ ಅಂಗೀಕರಿಸಿತು.

ಕಾರ್ಯವಿಧಾನ

ಮೊದಲಿಗೆ ಫೆಡೋರಾದಂತಹ ಒಂದು ಮೂಲ ಇಮೇಜನ್ನು ಆರಿಸಿ, ಅದಕ್ಕೆ ಸೇರಿಸಬೇಕಾದುದನ್ನು 'ಕಂಟೇನರ್‌ಫೈಲ್' ಎಂಬ ಪಠ್ಯ ಕಡತದಲ್ಲಿ ಬರೆಯಲಾಗುತ್ತದೆ. ಉದಾಹರಣೆಗೆ, ಶಾಲೆಯ ಗಣಕ ಪ್ರಯೋಗಾಲಯಕ್ಕಾಗಿ ಲೋಹಿತ್ ಕನ್ನಡ ಅಕ್ಷರಶೈಲಿಯನ್ನೂ ಕನ್ನಡ ಕೀಲಿಮಣೆ ವಿನ್ಯಾಸವನ್ನೂ ಒಮ್ಮೆ ಸೇರಿಸಿದರೆ, ಆ ಇಮೇಜಿನಿಂದ ಸ್ಥಾಪಿಸಿದ ಎಲ್ಲ ಯಂತ್ರಗಳಲ್ಲಿಯೂ ಅವು ಲಭ್ಯವಾಗುತ್ತವೆ. ಸಿದ್ಧವಾದ ಇಮೇಜನ್ನು ಸ್ಥಾಪನೆಗೆ ಯೋಗ್ಯವಾದ ಐಎಸ್ಒ ಕಡತವಾಗಿ ಅಥವಾ ವರ್ಚುವಲ್ ಯಂತ್ರದ ಡಿಸ್ಕ್ ಆಗಿ ಪರಿವರ್ತಿಸಬಹುದು.

ನವೀಕರಣದ ವೇಳೆ ಬದಲಾದ ಪದರಗಳನ್ನು ಮಾತ್ರ ಇಳಿಸಿಕೊಳ್ಳಲಾಗುತ್ತದೆ. ಹೊಸ ಆವೃತ್ತಿಯು ಹಳೆಯದರ ಪಕ್ಕದಲ್ಲಿ ಸಿದ್ಧವಾಗಿ, ಯಂತ್ರವನ್ನು ಮರುಪ್ರಾರಂಭಿಸಿದಾಗ ಜಾರಿಗೆ ಬರುತ್ತದೆ. ಹೊಸದರಲ್ಲಿ ದೋಷ ಕಂಡರೆ ಹಿಂದಿನ ಆವೃತ್ತಿಗೆ ಮರಳಬಹುದು.

ಮಹತ್ವ

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಯುಕ್ತ ನವೀಕರಣದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿಯೂ ಕೆಲವು ವಿಮಾನಯಾನ ಸಂಸ್ಥೆಗಳ ಸೇವೆಗೆ ಅಡಚಣೆಯಾಯಿತು. ಬಹಳಷ್ಟು ಯಂತ್ರಗಳನ್ನು ಸಿಬ್ಬಂದಿ ಒಂದೊಂದಾಗಿ ಸರಿಪಡಿಸಬೇಕಾಯಿತು. ಆ ಘಟನೆಗೂ ಬೂಟ್‌ಸಿಗೂ ನೇರ ಸಂಬಂಧವಿಲ್ಲ. ಆದರೂ ನವೀಕರಣವನ್ನು ಮೊದಲೇ ಪರೀಕ್ಷಿಸುವ ಹಾಗೂ ಅಗತ್ಯಬಿದ್ದಾಗ ಹಿಂತೆಗೆದುಕೊಳ್ಳುವ ವ್ಯವಸ್ಥೆಯ ಅಗತ್ಯವನ್ನು ಅದು ತೋರಿಸಿಕೊಟ್ಟಿತು.

ಮಿತಿಗಳು

ವ್ಯವಸ್ಥೆಯ ಮುಖ್ಯ ಕಡತಗಳು ಓದಲು ಮಾತ್ರ ತೆರೆದಿರುವುದರಿಂದ, ಶಾಶ್ವತ ಬದಲಾವಣೆಗಳನ್ನು ಇಮೇಜಿನಲ್ಲಿಯೇ ಮಾಡಬೇಕಾಗುತ್ತದೆ. ಹಿಂದಿನ ಆವೃತ್ತಿಗೆ ಮರಳಿದರೂ ಬಳಕೆದಾರರ ದತ್ತಾಂಶವು ಹಿಂದಿನ ಸ್ಥಿತಿಗೆ ಬರುವುದಿಲ್ಲ. ಆದ್ದರಿಂದ ದತ್ತಾಂಶದ ಪ್ರತಿಯನ್ನು ಪ್ರತ್ಯೇಕವಾಗಿ ಕಾಪಾಡಿಕೊಳ್ಳುವುದು ಅವಶ್ಯಕ.