ಫೆರೆಟ್ ಸಾಕೋ ಆಸೆನಾ? ಇದು ಮುಂಗುಸಿ ಅಲ್ಲ, ಬೆಕ್ಕೂ ಅಲ್ಲ. ಮನೆಗೆ ತರೋ ಮುಂಚೆ ಇಷ್ಟು ತಿಳ್ಕೊಳ್ಳಿ

ಮೊಬೈಲ್‌ನಲ್ಲಿ ರೀಲ್ಸ್ ನೋಡೋರಿಗೆ ಫೆರೆಟ್ ಈಗ ಹೊಸ ಪ್ರಾಣಿಯೇನಲ್ಲ. ಉದ್ದ ಮೈ, ಗಿಡ್ಡ ಕಾಲು, ಕಣ್ಣಿನ ಸುತ್ತ ಮುಖವಾಡ ಹಾಕಿದಂಥ ಕಪ್ಪು ಬಣ್ಣ. ನಮ್ಮ ಕಡೆಯವರು ನೋಡಿದ ತಕ್ಷಣ "ಇದು ಮುಂಗುಸಿ ಅಲ್ವಾ" ಅಂತಾರೆ. ಅಲ್ಲ. ಮುಂಗುಸಿ ಬೆಕ್ಕಿನ ಕಡೆಯ ನಂಟು, ಫೆರೆಟ್ ನಾಯಿ, ನೀರುನಾಯಿಗಳ ಕಡೆಯದ್ದು. ಮುಂಗುಸಿ ನಮ್ಮ ಕಾಡುಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಹಿಡಿಯೋದು, ಸಾಕೋದು ಅಪರಾಧ. ಯಾರಾದ್ರೂ ಮುಂಗುಸಿ ಮರಿ ತೋರಿಸಿ "ಫಾರಿನ್ ಫೆರೆಟ್" ಅಂತ ಮಾರೋಕೆ ಬಂದ್ರೆ ದುಡ್ಡೂ ಹೋಗುತ್ತೆ, ಕೇಸೂ ಬೀಳುತ್ತೆ. ಹೊರದೇಶದಿಂದ ಜೀವಂತ ಪ್ರಾಣಿ ತರೋಕೆ ಸರ್ಕಾರದ ಅನುಮತಿ, ಕ್ವಾರಂಟೈನ್ ನಿಯಮ ಎಲ್ಲ ಇದೆ. ಹಾಗಾಗಿ ಮಾರುವವರ ಹತ್ತಿರ ದಾಖಲೆ ಕೇಳೋದು ಮೊದಲ ಕೆಲಸ.

ಫೆರೆಟ್ ಮೂಲದಲ್ಲಿ ಯುರೋಪಿನ ಪೋಲ್‌ಕ್ಯಾಟ್ ಅನ್ನೋ ಕಾಡುಪ್ರಾಣಿ. ಸುಮಾರು 2000 ವರ್ಷಗಳಿಂದ ಮನುಷ್ಯರ ಜೊತೆ ಇದೆ. ಬ್ರಿಟನ್‌ನಲ್ಲಿ ಈಗಲೂ ಮೊಲದ ಬಿಲಕ್ಕೆ ಇದನ್ನು ಬಿಟ್ಟು, ಹೊರಗೆ ಬಲೆ ಹಾಕಿ ಮೊಲ ಹಿಡಿಯುತ್ತಾರೆ. ಹೆಸರೂ ಲ್ಯಾಟಿನ್‌ನ 'ಪುಟ್ಟ ಕಳ್ಳ' ಅನ್ನೋ ಪದದಿಂದ ಬಂದದ್ದು. ಸಾಕಿದವರನ್ನು ಕೇಳಿದ್ರೆ ಹೆಸರು ಸರಿಯಾಗೇ ಇಟ್ಟಿದ್ದಾರೆ ಅಂತಾರೆ: ಕೀ, ಸಾಕ್ಸ್, ರಿಮೋಟ್ ಎಲ್ಲ ಸೋಫಾ ಕೆಳಗೆ ಸೇರುತ್ತೆ. 1971ರಲ್ಲಿ ಅಮೆರಿಕದ ಫರ್ಮಿಲ್ಯಾಬ್ ವಿಜ್ಞಾನ ಕೇಂದ್ರದಲ್ಲಿ ಉದ್ದನೆಯ ಪೈಪುಗಳ ಒಳಗೆ ಕ್ಲೀನ್ ಮಾಡೋಕೆ ಫೆಲಿಷಿಯಾ ಅನ್ನೋ ಫೆರೆಟ್‌ಗೆ ದಾರ ಕಟ್ಟಿ ಓಡಿಸಿದ್ದರು. ಬಿಲ, ಪೈಪು, ಸಂದಿ ಕಂಡ್ರೆ ನುಗ್ಗೋದು ಇದರ ಹುಟ್ಟುಗುಣ. ಮನೆಯಲ್ಲಿ ಬರೋ ಅರ್ಧ ತೊಂದರೆ ಇದರಿಂದಲೇ.

ಬಿಸಿಲೇ ದೊಡ್ಡ ಶತ್ರು

ನಮ್ಮ ಜನ ಮೊದಲು ಯೋಚಿಸಬೇಕಾದದ್ದು ಇದು. ಫೆರೆಟ್‌ಗೆ ಬೆವರಿ ಮೈ ತಂಪು ಮಾಡ್ಕೊಳ್ಳೋಕೆ ಬರಲ್ಲ. ಉಷ್ಣಾಂಶ 27 ಡಿಗ್ರಿ ದಾಟಿದ್ರೆ ಕಷ್ಟ ಶುರು, 30 ದಾಟಿದ್ರೆ ಜೀವಕ್ಕೇ ಅಪಾಯ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ 40 ದಾಟುತ್ತೆ. ಬೇರೆ ಬಯಲುಸೀಮೆ ತಾಲ್ಲೂಕುಗಳಲ್ಲೂ ಏಪ್ರಿಲ್‌ನಲ್ಲಿ ತಗಡಿನ ಶೀಟ್ ಮನೆ ಒಲೆಯ ಹಾಗೆ ಕಾಯುತ್ತೆ. ಎಸಿ ಇಲ್ಲದ ಮನೆ, ದಿನಕ್ಕೆ ನಾಲ್ಕು ತಾಸು ಕರೆಂಟ್ ಹೋಗೋ ಊರು ಆದ್ರೆ ಈ ಪ್ರಾಣಿ ತರದೇ ಇರೋದೇ ವಾಸಿ. ಫ್ಯಾನ್ ಗಾಳಿ ಬೆವರೋ ಮನುಷ್ಯರಿಗೆ ತಂಪು, ಫೆರೆಟ್‌ಗೆ ಅದರಿಂದ ಹೆಚ್ಚು ಉಪಯೋಗ ಇಲ್ಲ.

ಬಾಯಿ ತೆರೆದು ಏದುಸಿರು ಬಿಡೋದು, ನೆಲಕ್ಕೆ ಚಪ್ಪಟೆಯಾಗಿ ಬೀಳೋದು, ಒಸಡು ಕಡುಗೆಂಪಾಗೋದು ಬಿಸಿಲು ಬಡಿದ ಲಕ್ಷಣ. ಕೂಡಲೇ ನೆರಳಿಗೆ ತಂದು, ಸಾಧಾರಣ ತಂಪಿನ ನೀರಲ್ಲಿ ಪಾದ, ಹೊಟ್ಟೆ ಒದ್ದೆ ಮಾಡಿ, ಪಶುವೈದ್ಯರ ಹತ್ತಿರ ಓಡಬೇಕು. ಐಸ್ ನೀರಲ್ಲಿ ಮುಳುಗಿಸಬಾರದು. ತಣ್ಣೀರಿನ ಬಾಟಲಿ ಫ್ರೀಜ್ ಮಾಡಿ, ಬಟ್ಟೆ ಸುತ್ತಿ ಪಂಜರದಲ್ಲಿ ಇಟ್ರೆ ಸ್ವಲ್ಪ ಹೊತ್ತು ನಡೆಯುತ್ತೆ, ಆದ್ರೆ ಅದನ್ನೇ ನಂಬಿ ಬಾಗಿಲು ಹಾಕಿ ಮದುವೆಗೆ ಹೋಗೋ ಹಾಗಿಲ್ಲ.

ಅನ್ನ, ಹಾಲು ಬೇಡ

ಫೆರೆಟ್ ಪೂರ್ತಿ ಮಾಂಸಾಹಾರಿ. ಅನ್ನ, ರೊಟ್ಟಿ, ಹಣ್ಣು, ಬಿಸ್ಕತ್ತು ಅದರ ಹೊಟ್ಟೆಗೆ ಆಗಲ್ಲ. ತಿಂದದ್ದು ಮೂರು ನಾಲ್ಕು ಗಂಟೆಯಲ್ಲೇ ಹೊರಗೆ ಬರುತ್ತೆ, ಹಾಗಾಗಿ ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಕೊಡ್ಬೇಕು. ಫೆರೆಟ್‌ಗೆಂದೇ ಮಾಡಿದ ಆಹಾರ ಸಿಗದಿದ್ರೆ ಒಳ್ಳೆ ಗುಣಮಟ್ಟದ ಬೆಕ್ಕಿನ ಮರಿ ಆಹಾರ ತಾತ್ಕಾಲಿಕವಾಗಿ ನಡೆಯುತ್ತೆ, ನಾಯಿ ಆಹಾರ ನಡೆಯಲ್ಲ. ಮನೆಯೊಳಗೆ ಮಾಂಸ ತರದ ಕುಟುಂಬ ಆಗಿದ್ರೆ ಇಲ್ಲೇ ಯೋಚನೆ ಮಾಡಿ ನಿಲ್ಲಿಸೋದು ಒಳ್ಳೇದು.

ಕಚ್ಚೋದು ಬಿಡಿಸೋದು ಹೇಗೆ

ಮರಿ ಫೆರೆಟ್ ಕಚ್ಚುತ್ತೆ. ಸಿಟ್ಟಿಗಲ್ಲ, ಆಟಕ್ಕೆ. ಅವುಗಳ ಚರ್ಮ ದಪ್ಪ, ಒಂದನ್ನೊಂದು ಕಚ್ಚಿದ್ರೂ ನೋವಾಗಲ್ಲ, ನಮ್ಮ ಕೈಯೂ ಹಾಗೇ ಅಂದ್ಕೊಳ್ಳುತ್ತೆ. ಹೊಡೆದ್ರೆ ಇನ್ನೂ ಜೋರಾಗಿ ಕಚ್ಚೋದು ಕಲಿಯುತ್ತೆ. ಕಚ್ಚಿದ ತಕ್ಷಣ ಗಟ್ಟಿಯಾಗಿ "ಬೇಡ" ಅಂತ ಒಂದೇ ಮಾತು ಹೇಳಿ, ಆಟ ನಿಲ್ಲಿಸಿ, ಎರಡು ಮೂರು ನಿಮಿಷ ಪಂಜರಕ್ಕೆ ಹಾಕ್ಬೇಕು. ಕಚ್ಚದೆ ಆಡಿದಾಗ ಒಂದು ಚೂರು ಮಾಂಸ. ಮನೆಯವರೆಲ್ಲ ಒಂದೇ ರೀತಿ ಮಾಡಿದ್ರೆ ಮಾತ್ರ ಕೆಲವು ವಾರದಲ್ಲಿ ದಾರಿಗೆ ಬರುತ್ತೆ. ಅಪ್ಪ ಬೈದು, ಮಗ ಕೈ ಕೊಟ್ಟು ಕಚ್ಚಿಸಿಕೊಂಡು ನಕ್ಕರೆ ಕಲಿಯೋದಿಲ್ಲ. ಕತ್ತಿನ ಹಿಂದಿನ ಸಡಿಲ ಚರ್ಮ ಹಿಡಿದು, ಇನ್ನೊಂದು ಕೈ ಕೆಳಗೆ ಕೊಟ್ಟು ಎತ್ತಿದ್ರೆ ಸುಮ್ಮನಾಗುತ್ತೆ, ಎಷ್ಟೋ ಸಲ ಆಕಳಿಸುತ್ತೆ ಕೂಡ. ಪುಟ್ಟ ಮಕ್ಕಳ ಜೊತೆ ಒಂಟಿಯಾಗಿ ಬಿಡಲೇಬಾರದು.

ಬೆನ್ನು ಬಾಗಿಸಿ, ಬಾಯಿ ತೆರೆದು, ಅತ್ತಿತ್ತ ಹಾರಿ ಗೋಡೆಗೆ ಡಿಕ್ಕಿ ಹೊಡೆದ್ರೆ ಹುಚ್ಚು ಹಿಡಿದಿಲ್ಲ, ಖುಷಿ ಜಾಸ್ತಿಯಾಗಿದೆ ಅಷ್ಟೇ.

ಮಲಗಿ ಎದ್ದ ಕೆಲವೇ ನಿಮಿಷಕ್ಕೆ ಹಿಂದೆ ಹಿಂದೆ ಸರಿದು ಮೂಲೆಯಲ್ಲಿ ಗಲೀಜು ಮಾಡುತ್ತೆ. ಎದ್ದ ಕೂಡಲೇ ಟ್ರೇಯಲ್ಲಿ ಕೂರಿಸಿ, ಕೆಲಸ ಮುಗಿದ ಮೇಲೆ ತಿಂಡಿ ಕೊಟ್ಟು ಹೊರಗೆ ಬಿಡೋದೇ ತರಬೇತಿ. ಟ್ರೇಗೆ ಕಾಗದದ ಚೂರಿನ ಗುಳಿಗೆ ಒಳ್ಳೇದು. ನೀರು ಬಿದ್ರೆ ಗಟ್ಟಿಯಾಗೋ ಮಣ್ಣು, ಪೈನ್ ಮರದ ಹೊಟ್ಟು ಬೇಡ. ಬೆಕ್ಕಿನಷ್ಟು ಶಿಸ್ತು ಬರೋದಿಲ್ಲ, ಆಗಾಗ ಮೂಲೆ ಒರೆಸೋಕೆ ಸಿದ್ಧ ಇರ್ಬೇಕು. ವಾಸನೆ ಬರುತ್ತೆ ಅಂತ ವಾರ ವಾರ ಸ್ನಾನ ಮಾಡಿಸಿದ್ರೆ ಚರ್ಮ ಒಣಗಿ ಇನ್ನೂ ಜಾಸ್ತಿ ಎಣ್ಣೆ ಬಿಡುತ್ತೆ. ಹಾಸಿಗೆ ಬಟ್ಟೆ ಒಗೆದ್ರೆ ಸಾಕು.

ರೋಗ

ನಾಯಿಗಳಿಗೆ ಬರೋ ಡಿಸ್ಟೆಂಪರ್ ಫೆರೆಟ್‌ಗೆ ಬಂದ್ರೆ ಉಳಿಯೋದು ಇಲ್ಲವೇ ಇಲ್ಲ ಅನ್ನಬಹುದು. ಬೀದಿನಾಯಿ ಮುಟ್ಟಿದ ಕೈ, ಚಪ್ಪಲಿಯಿಂದಲೂ ಮನೆಗೆ ಬರಬಹುದು. ನಾಯಿಗೆ ಹಾಕೋ ಎಲ್ಲ ಲಸಿಕೆಯೂ ಇದಕ್ಕೆ ಸುರಕ್ಷಿತ ಅಲ್ಲ, ಯಾವುದು ಅನ್ನೋದನ್ನ ಫೆರೆಟ್ ನೋಡಿ ಗೊತ್ತಿರೋ ವೈದ್ಯರೇ ಹೇಳ್ಬೇಕು. ನಮ್ಮ ನೆಗಡಿ ಜ್ವರವೂ ಅದಕ್ಕೆ ಅಂಟುತ್ತೆ, ಅದರದ್ದು ನಮಗೂ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ ಪತ್ತೆ ಮಾಡಿದ್ದೇ ಫೆರೆಟ್‌ಗಳಿಂದ. ಅದರಲ್ಲಿ ಒಂದು ವಿಲ್ಸನ್ ಸ್ಮಿತ್ ಅನ್ನೋ ವಿಜ್ಞಾನಿಯ ಮುಖಕ್ಕೇ ಸೀನಿ ಜ್ವರ ಅಂಟಿಸಿತ್ತು.

ಹೆಣ್ಣು ಫೆರೆಟ್ ಬೆದೆಗೆ ಬಂದು ಗಂಡು ಸಿಗದಿದ್ರೆ ಬೆದೆ ಇಳಿಯೋದೇ ಇಲ್ಲ. ಹಾರ್ಮೋನ್ ಏರಿ ಮೂಳೆಮಜ್ಜೆ ಹಾಳಾಗಿ, ರಕ್ತ ಕಡಿಮೆಯಾಗಿ ಸಾಯುತ್ತೆ. ಆದ್ದರಿಂದ ಆಪರೇಷನ್ ಅಥವಾ ಹಾರ್ಮೋನ್ ಇಂಪ್ಲಾಂಟ್ ಬೇಕೇ ಬೇಕು. ಬಾಲದ ಕೂದಲು ಉದುರಿದ್ರೆ, ಹಿಂಗಾಲು ಎಳೆದ್ರೆ, ಸುಮ್ಮನೆ ದಿಟ್ಟಿಸಿ ಜೊಲ್ಲು ಸುರಿಸಿದ್ರೆ ತಡ ಮಾಡಬಾರದು. 5ರಿಂದ 8 ವರ್ಷ ಬದುಕೋ ಪ್ರಾಣಿ ಇದು. ಹತ್ತಿರದ ವೈದ್ಯರು ನೋಡ್ತಾರಾ ಅಂತ ತರೋ ಮುಂಚೆ ಕೇಳ್ಬೇಕು, ತಂದ ಮೇಲೆ ಅಲ್ಲ.

ಅಂಗಡಿಯ ಇಲಿಗೆ ಆಗುತ್ತಾ?

ಕಿರಾಣಿ ಅಂಗಡಿಯವರ ಪ್ರಶ್ನೆ ಇದು. ಇಲಿ ಹಿಡಿಯೋ ಬುದ್ಧಿ ಇದೆ, ಆದ್ರೆ ದಿನಕ್ಕೆ 14ರಿಂದ 18 ಗಂಟೆ ನಿದ್ದೆ ಮಾಡುತ್ತೆ. ಪಾಷಾಣ ತಿಂದ ಇಲಿ ತಿಂದ್ರೆ ಇದೂ ಸಾಯುತ್ತೆ. ರಬ್ಬರ್ ಬ್ಯಾಂಡ್, ಸ್ಪಂಜು, ಚಪ್ಪಲಿ ತುಂಡು ನುಂಗಿ ಕರುಳು ಕಟ್ಟಿಕೊಳ್ಳುತ್ತೆ. ನ್ಯೂಜಿಲೆಂಡ್‌ನಲ್ಲಿ ಮೊಲ ಕಡಿಮೆ ಮಾಡೋಕೆ 1880ರ ದಶಕದಲ್ಲಿ ಫೆರೆಟ್ ಬಿಟ್ಟರು, ಅವು ಹಾರಲಾರದ ಹಕ್ಕಿಗಳನ್ನ ತಿಂದು ಹಾಕಿದವು. ಅಲ್ಲಿ 2002ರಿಂದ ಮಾರಾಟ, ಮರಿ ಮಾಡಿಸೋದು ಎರಡೂ ನಿಷೇಧ. ಅಂಗಡಿಗೆ ಬೆಕ್ಕು, ಬೋನು ಸಾಕು.

ಮನೆಯಲ್ಲಿ ಬಿಡೋ ಮುಂಚೆ ಬಚ್ಚಲ ಮೋರಿ, ಫ್ರಿಡ್ಜ್ ಹಿಂದೆ, ಬಾಗಿಲ ಸಂದಿ, ಎರಡು ಬೆರಳು ತೂರೋ ತೂತೆಲ್ಲ ಮುಚ್ಚಬೇಕು. ಪೀಂ ಪೀಂ ಅನ್ನೋ ಆಟಿಕೆ ಒತ್ತಿದಾಗೆಲ್ಲ ಮಾಂಸದ ಚೂರು ಕೊಟ್ಟು ಅಭ್ಯಾಸ ಮಾಡಿದ್ರೆ, ಕಾಣೆಯಾದಾಗ ಆ ಸದ್ದಿಗೆ ಓಡಿ ಬರುತ್ತೆ. ತಪ್ಪಿಸಿಕೊಂಡ್ರೆ ಮೊದಲು ಅಕ್ಕಪಕ್ಕದ ಮನೆಗೆ ಫೋಟೊ ತೋರಿಸಿ ಹೇಳ್ಬೇಕು. ಗೊತ್ತಿಲ್ಲದವರು ಯಾವುದೋ ಕಾಡುಪ್ರಾಣಿ ಅಂದ್ಕೊಂಡು ದೊಣ್ಣೆ ತಗೊಳ್ತಾರೆ.