ಅನ್ಯಗ್ರಹ ನಾಗರಿಕತೆಗಳ ಭೂಭೇಟಿ

ಸೌರವ್ಯೂಹದ ಆಚೆ ಹುಟ್ಟಿ ಬೆಳೆದ ಬುದ್ಧಿವಂತ ಜೀವಿಗಳು ಅಥವಾ ಅವು ಕಳಿಸಿದ ಯಂತ್ರಗಳು ಹಿಂದೆಂದಾದರೂ ಭೂಮಿಗೆ ಬಂದಿದ್ದುವೇ ಎಂಬ ಚರ್ಚೆ. ಇದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ: ಬರಲು ಸಾಧ್ಯವೇ? ಬಂದದ್ದುಂಟೇ? ಮೊದಲನೆಯದಕ್ಕೆ ಭೌತವಿಜ್ಞಾನದ ನಿಷೇಧವಿಲ್ಲ. ಎರಡನೆಯದಕ್ಕೆ ಪರಿಶೀಲನೆಯಲ್ಲಿ ಗಟ್ಟಿಯಾಗಿ ನಿಂತ ಪುರಾವೆ ಒಂದೂ ಸಿಕ್ಕಿಲ್ಲ. ಆದರೆ 'ಸಿಕ್ಕಿಲ್ಲ' ಎಂಬ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದು, ಎಲ್ಲಿ ಹುಡುಕಿದ್ದೇವೆ, ಹುಡುಕಿದ ಜಾಗ ಕುರುಹನ್ನು ಎಷ್ಟು ಕಾಲ ಉಳಿಸಿಕೊಳ್ಳುತ್ತದೆ ಎಂಬುದರ ಮೇಲೆ ನಿಂತಿದೆ.

ದೂರ, ಶಕ್ತಿ, ಕಾಲ

ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ ಇರುವುದು 4.24 ಜ್ಯೋತಿರ್ವರ್ಷ ದೂರದಲ್ಲಿ. 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸಾಗುತ್ತಿದೆ, ಆ ವೇಗದಲ್ಲಿ ಇಷ್ಟು ದೂರ ಕ್ರಮಿಸಲು 70 ಸಾವಿರಕ್ಕೂ ಹೆಚ್ಚು ವರ್ಷ ಬೇಕು. ಬೆಳಕಿನ ವೇಗದ ಹತ್ತರಲ್ಲೊಂದು ಪಾಲು ದಕ್ಕಿದರೆ ಅದೇ ದಾರಿ 42 ವರ್ಷದ್ದು. ಆದರೆ ಒಂದು ಟನ್ ತೂಕದ ನೌಕೆ ಆ ವೇಗದಲ್ಲಿ ಹೊಂದಿರುವ ಚಲನಶಕ್ತಿಯೇ ಸುಮಾರು 12,500 ಕೋಟಿ ಯೂನಿಟ್ ವಿದ್ಯುತ್ತಿಗೆ ಸಮ. ಗುರಿ ಮುಟ್ಟಿ ನಿಲ್ಲಬೇಕಾದರೆ ಆ ವೇಗವನ್ನೆಲ್ಲ ಮತ್ತೆ ಇಳಿಸಬೇಕು.

ಅವಸರವಿಲ್ಲದವರ ಲೆಕ್ಕ ಬೇರೆ. ಕ್ಷೀರಪಥದ ಅಡ್ಡಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ವಾಯೇಜರ್ ವೇಗದಲ್ಲಿ ಹೋದರೂ ಅದನ್ನು 180 ಕೋಟಿ ವರ್ಷಗಳೊಳಗೆ ದಾಟಬಹುದು. ಕ್ಷೀರಪಥದ ವಯಸ್ಸಾದರೋ 1,300 ಕೋಟಿ ವರ್ಷದ ಆಸುಪಾಸು. 1950ರಲ್ಲಿ ಲಾಸ್ ಅಲಮೋಸ್‌ನಲ್ಲಿ ಊಟದ ಹೊತ್ತಿನ ಮಾತುಕತೆಯಲ್ಲಿ ಎನ್ರಿಕೊ ಫರ್ಮಿ ಎತ್ತಿದ ಪ್ರಶ್ನೆಯ ಬೇರು ಇಲ್ಲಿದೆ: ಇಷ್ಟು ಸಮಯವಿದ್ದೂ ಅವರೇಕೆ ಕಾಣುತ್ತಿಲ್ಲ? 1975ರಲ್ಲಿ ಮೈಕೇಲ್ ಹಾರ್ಟ್ ಇದನ್ನು ವಾದವಾಗಿ ಬೆಳೆಸಿ, ಅವರು ಇಲ್ಲಿಲ್ಲವಾದ್ದರಿಂದ ಬಹುಶಃ ಎಲ್ಲಿಯೂ ಇಲ್ಲ ಎಂದರು. 2019ರಲ್ಲಿ ಜೊನಾಥನ್ ಕ್ಯಾರೊಲ್-ನೆಲೆನ್‌ಬ್ಯಾಕ್ ಮತ್ತು ಸಂಗಡಿಗರು ನಕ್ಷತ್ರಗಳ ಚಲನೆಯನ್ನೂ ನೆಲೆಗಳ ಅಳಿವನ್ನೂ ಲೆಕ್ಕಕ್ಕೆ ತಂದು ಬೇರೆ ಚಿತ್ರ ಕೊಟ್ಟರು. ಕ್ಷೀರಪಥದಲ್ಲಿ ಅಲ್ಲಲ್ಲಿ ಜನವಸತಿಯಿದ್ದೂ ಭೂಮಿಯ ಕಡೆಗೆ ಹತ್ತಾರು ಲಕ್ಷ ವರ್ಷ ಯಾರೂ ಸುಳಿಯದಿರುವುದು ಅಸಂಭವವಲ್ಲ ಎಂಬುದು ಅವರ ನಿಲುವು.

ಪ್ರಾಚೀನ ಭೇಟಿಯ ವಾದ

1963ರಲ್ಲಿ ಕಾರ್ಲ್ ಸೇಗನ್, ಚಾರಿತ್ರಿಕ ಕಾಲದಲ್ಲೂ ಇಂಥ ಭೇಟಿ ನಡೆದಿರಬಹುದಾದ ಸಾಧ್ಯತೆಯನ್ನು ಸಂಶೋಧನ ಲೇಖನವೊಂದರಲ್ಲಿ ಪರಿಗಣಿಸಿದ್ದರು. ಪುರಾವೆಯ ವಿಷಯದಲ್ಲಿ ಮಾತ್ರ ಅವರದು ಕಟ್ಟುನಿಟ್ಟು. 1968ರಲ್ಲಿ ಬಂದ ಎರಿಕ್ ಫಾನ್ ಡ್ಯಾನಿಕೆನ್‌ರ ಪುಸ್ತಕ ಆ ಕಟ್ಟುನಿಟ್ಟನ್ನು ಕೈಬಿಟ್ಟು ಜನಪ್ರಿಯವಾಯಿತು. ಮೆಕ್ಸಿಕೊದ ಪಲೆಂಕೆಯಲ್ಲಿ 683ರಲ್ಲಿ ತೀರಿಕೊಂಡ ಮಾಯಾ ಅರಸ ಪಕಾಲ್‌ನ ಶವಪೆಟ್ಟಿಗೆಯ ಮುಚ್ಚಳದಲ್ಲಿ ರಾಕೆಟ್ ನಡೆಸುವವನ ಚಿತ್ರವಿದೆ ಎಂಬುದು ಅದರ ಹೆಸರಾಂತ ಉದಾಹರಣೆ. ಮಾಯಾ ಶಿಲ್ಪ ಬಲ್ಲವರಿಗೆ ಅಲ್ಲಿ ಕಾಣುವುದು ಜಗದ್ವೃಕ್ಷ ಮತ್ತು ಅದರ ಬುಡದಲ್ಲಿ ಬಾಯ್ದೆರೆದ ಪಾತಾಳ. ಇತರ ಮಾಯಾ ಶಿಲ್ಪಗಳಲ್ಲೂ ಇವೇ ಚಿಹ್ನೆಗಳಿವೆ. ಈ ಬಗೆಯ ವಾದದ ದೊಡ್ಡ ದೋಷ, ಕಲ್ಲು ಕಡೆದ ಕೈಗಳಿಗೆ ಸಲ್ಲಬೇಕಾದ ಗೌರವವನ್ನು ಅದು ಕಸಿದುಕೊಳ್ಳುತ್ತದೆ.

ಭಾರತದ ವಿಮಾನ ವರ್ಣನೆಗಳನ್ನೂ ಈ ವಾದಕ್ಕೆ ಎಳೆದು ತರುವುದುಂಟು. ಭರದ್ವಾಜ ಮುನಿಯ ಹೆಸರಿನಲ್ಲಿ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ವೈಮಾನಿಕ ಶಾಸ್ತ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಪರಿಶೀಲಿಸಿ 1974ರಲ್ಲಿ ವರದಿ ಪ್ರಕಟಿಸಿದರು. ಕೃತಿ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿರುವ ವಿಮಾನಗಳು ಹಾರಲಾರವು ಎಂಬುದು ಅವರ ತೀರ್ಮಾನ.

ಭೂಮಿಯಲ್ಲಿ ಕುರುಹಿನ ಆಯುಷ್ಯ

ಮಳೆ, ನದಿ, ಗಾಳಿ, ಜ್ವಾಲಾಮುಖಿ, ಭೂಫಲಕಗಳ ಚಲನೆ ಎಲ್ಲವೂ ಸೇರಿ ಭೂಮಿಯ ಮೈಯನ್ನು ಸದಾ ಸವೆಸುತ್ತ, ಹೂಳುತ್ತ ಇರುತ್ತವೆ. ವಿಸ್ತಾರವಾಗಿ ಉಳಿದುಬಂದ ಅತಿ ಹಳೆಯ ನೆಲವೆಂದು ಹೇಳಲಾಗುವ ನೆಗೆವ್ ಮರುಭೂಮಿಯ ಭಾಗಕ್ಕೂ ವಯಸ್ಸು ಸುಮಾರು 18 ಲಕ್ಷ ವರ್ಷ ಮಾತ್ರ. ಸಾಗರತಳದಲ್ಲಿ 18 ಕೋಟಿ ವರ್ಷಕ್ಕಿಂತ ಹಳೆಯದು ಬಹುಮಟ್ಟಿಗೆ ಭೂಗರ್ಭಕ್ಕಿಳಿದು ಹೋಗಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು ನಿಜ. ಆದರೆ ನಾವು ಹತ್ತಿ ನಿಲ್ಲುವ ಅದರ ಮೈ ಆ ಕಾಲದ ನೆಲವಲ್ಲ. ಆಳದಲ್ಲಿ ರೂಪುಗೊಂಡ ಶಿಲೆ, ಮೇಲಿದ್ದುದೆಲ್ಲ ಸವೆದು ಹೋದ ಮೇಲೆ ಹೊರಗೆ ಬಂದಿದೆ. ಅಂದು ಅಲ್ಲಿ ಯಾರಾದರೂ ಇಳಿದಿದ್ದರೆ ಅವರು ಕಾಲಿಟ್ಟ ಮಣ್ಣು ಎಂದೋ ಸಮುದ್ರ ಸೇರಿದೆ.

ಹಾಗಾದರೆ ಏನು ಉಳಿದೀತು? ಗ್ಯಾವಿನ್ ಶ್ಮಿಟ್ ಮತ್ತು ಆ್ಯಡಮ್ ಫ್ರ್ಯಾಂಕ್ 2018ರಲ್ಲಿ ಈ ಪ್ರಶ್ನೆಯನ್ನು ಬೇರೊಂದು ಸಂದರ್ಭಕ್ಕೆ ಕೇಳಿದರು: ಮನುಷ್ಯರಿಗಿಂತ ಕೋಟ್ಯಂತರ ವರ್ಷ ಮೊದಲು ಭೂಮಿಯಲ್ಲೇ ಕೈಗಾರಿಕಾ ನಾಗರಿಕತೆ ಇದ್ದಿದ್ದರೆ ನಮಗೆ ತಿಳಿಯುತ್ತಿತ್ತೇ? ಕಟ್ಟಡ, ಯಂತ್ರಗಳಿಗಿಂತ ಕೆಸರು ಪದರಗಳ ರಾಸಾಯನಿಕ ಗುರುತು ಹೆಚ್ಚು ಬಾಳುತ್ತದೆ ಎಂಬುದು ಅವರ ಉತ್ತರ. ಕಾರ್ಬನ್ ಐಸೊಟೋಪುಗಳ ಏರುಪೇರು, ಸಂಶ್ಲೇಷಿತ ವಸ್ತುಗಳು, ಪ್ಲುಟೋನಿಯಂ-244ರಂಥ ದೀರ್ಘಾಯುಷಿ ಪರಮಾಣುಗಳು ಈ ಪಟ್ಟಿಯಲ್ಲಿವೆ. ಅಲ್ಲಿಯೂ ಎಚ್ಚರ ಬೇಕು. ಸುಮಾರು 8 ಕೋಟಿ ವರ್ಷ ಅರ್ಧಾಯುಷ್ಯದ ಪ್ಲುಟೋನಿಯಂ-244 ಪೆಸಿಫಿಕ್ ತಳದ ಖನಿಜ ಪದರಗಳಲ್ಲಿ ಅತ್ಯಲ್ಪವಾಗಿ ಸಿಕ್ಕಿದೆ. ಅದು ಬಂದದ್ದು ನಕ್ಷತ್ರಲೋಕದ ಸ್ಫೋಟಗಳಿಂದ. 5.6 ಕೋಟಿ ವರ್ಷ ಹಿಂದೆ ವಾತಾವರಣಕ್ಕೆ ಅಪಾರ ಇಂಗಾಲ ಸೇರಿ ಭೂಮಿ 5ರಿಂದ 8 ಡಿಗ್ರಿ ಬಿಸಿಯಾದದ್ದಕ್ಕೂ ಸಹಜ ಕಾರಣಗಳೇ ಸಾಕು. ಮೇಲಾಗಿ ಇವೆಲ್ಲ ಶತಮಾನಗಟ್ಟಲೆ ನೆಲೆಸಿ ಕೈಗಾರಿಕೆ ನಡೆಸಿದವರ ಗುರುತುಗಳು. ನಾಲ್ಕು ದಿನ ಇದ್ದು ಹೋದವರು ಯಾವ ಪದರದಲ್ಲೂ ದಾಖಲಾಗುವುದಿಲ್ಲ.

ಚಂದ್ರ ಮತ್ತು ನೆರೆಯ ಕಕ್ಷೆಗಳು

ಗಾಳಿ, ನೀರುಗಳಿಲ್ಲದ ಚಂದ್ರನಲ್ಲಿ ಸವೆತ ಬಹಳ ನಿಧಾನ. ಸಣ್ಣ ಉಲ್ಕೆಗಳ ಬಡಿತಕ್ಕೆ ಮೇಲಿನ 2 ಸೆಂ.ಮೀ. ಮಣ್ಣು ಮಗುಚಿಬೀಳಲು 80 ಸಾವಿರ ವರ್ಷ ಹಿಡಿಯುತ್ತದೆಂದು 2016ರ ಅಧ್ಯಯನವೊಂದರ ಅಂದಾಜು. ಹೆಜ್ಜೆಗುರುತು ಆ ಕಾಲಮಾನದಲ್ಲಿ ಮಾಸಿದರೂ ಕೋಣೆಯಷ್ಟು ದೊಡ್ಡ ಯಂತ್ರ ಹೂತುಹೋಗಲು ಕೋಟ್ಯಂತರ ವರ್ಷ ಬೇಕು.

ಅಂಥದ್ದು ನಮ್ಮ ಕಣ್ಣಿಗೆ ಬೀಳುತ್ತದೆಯೇ ಎಂಬುದಕ್ಕೆ ಮಾದರಿ ಅಪೊಲೊ-11 ಇಳಿದ ಜಾಗವೇ. ನಾಸಾದ ಎಲ್‌ಆರ್‌ಒ ನೌಕೆಯ ಚಿತ್ರಗಳಲ್ಲಿ ಒಂದು ಚುಕ್ಕಿ ಎಂದರೆ ಸುಮಾರು ಅರ್ಧ ಮೀಟರ್. ಅಲ್ಲಿ ಉಳಿದಿರುವ ಇಳಿನೌಕೆಯ 4 ಮೀಟರ್ ಅಗಲದ ಕೆಳಭಾಗ ಅವುಗಳಲ್ಲಿ ಏಳೆಂಟು ಚುಕ್ಕಿಗಳ ಬಿಳಿ ಮಚ್ಚೆ. ಬಿಸಿಲು ಓರೆಯಾದಾಗ ಮಚ್ಚೆಯ ಪಕ್ಕದಲ್ಲಿ ಉದ್ದ ನೆರಳು ಚಾಚುತ್ತದೆ. ಯಾತ್ರಿಗಳು ನಡೆದ ದಾರಿ ತೆಳು ಕಪ್ಪು ಗೆರೆಯಾಗಿ ಕಾಣುತ್ತದೆ. ಚಂದ್ರಯಾನ-2ರ ಕ್ಯಾಮೆರಾ ಇನ್ನೂ ಸೂಕ್ಷ್ಮ. ಅದರಲ್ಲಿ ಒಂದು ಚುಕ್ಕಿ ಕಾಲು ಮೀಟರ್. ಇಂಥ ಚಿತ್ರರಾಶಿಯಲ್ಲಿ ಅನ್ಯರ ಕುರುಹನ್ನೂ ಹುಡುಕಬೇಕೆಂದು ಪಾಲ್ ಡೇವಿಸ್ ಮತ್ತು ರಾಬರ್ಟ್ ವ್ಯಾಗ್ನರ್ 2013ರಲ್ಲಿ ಸೂಚಿಸಿದರು. ಇದಕ್ಕೆ ಪ್ರತ್ಯೇಕ ನೌಕೆ ಬೇಕಿಲ್ಲ ಎಂಬುದೇ ಈ ಸಲಹೆಯ ಬೆಲೆ.

ನೌಕೆ ಇಳಿಯದೆ ಸುತ್ತಲೇ ಕಾದಿರಬಹುದೆಂದು 1960ರಲ್ಲಿ ರೊನಾಲ್ಡ್ ಬ್ರೇಸ್‌ವೆಲ್ ಊಹಿಸಿದ್ದರು. ಭೂಮಿ-ಚಂದ್ರರ ಗುರುತ್ವ ಸಮತೋಲದ ಬಿಂದುಗಳ ಬಳಿ ರಾಬರ್ಟ್ ಫ್ರೈಟಾಸ್ ಮತ್ತು ಫ್ರಾನ್ಸಿಸ್ಕೊ ವಾಲ್ಡೆಸ್ ದೂರದರ್ಶಕದಿಂದ ಹುಡುಕಿದಾಗ ಏನೂ ಸಿಗಲಿಲ್ಲ.

ಆಧುನಿಕ ವರದಿಗಳು

ಅಮೆರಿಕದ ವಾಯುಪಡೆ 'ಬ್ಲೂ ಬುಕ್' ಯೋಜನೆಯಲ್ಲಿ 1969ರವರೆಗೆ ಕಲೆಹಾಕಿದ 12,618 ಹಾರುವ ತಟ್ಟೆ ವರದಿಗಳಲ್ಲಿ 701 ಗುರುತಾಗದೆ ಉಳಿದವು. ಗುರುತಾಗದ್ದು ಎಂದರೆ ಅನ್ಯಗ್ರಹದ್ದು ಎಂದಲ್ಲ. 2017ರಲ್ಲಿ ಸೌರವ್ಯೂಹದೊಳಗೆ ಹಾದುಹೋದ ಔಮುವಾಮುವಾ ಎಂಬ ಕಾಯ ಕೃತಕ ವಸ್ತುವಿರಬಹುದೆಂದು ಏವಿ ಲೋಬ್ ವಾದಿಸಿದರು. ಅನಿಲ ಸೂಸುವ ಸಹಜ ಕಾಯವೆಂದರೆ ಅದರ ನಡೆಗೆ ಸಾಕಷ್ಟು ವಿವರಣೆ ಸಿಗುತ್ತದೆಂಬುದು ಹೆಚ್ಚಿನ ಖಗೋಳವಿಜ್ಞಾನಿಗಳ ಅಭಿಪ್ರಾಯ.

ಒಟ್ಟಿನಲ್ಲಿ, ಇತ್ತೀಚೆಗೆ ಯಾರೋ ಬಂದು ಬಹುಕಾಲ ನೆಲೆಸಿದ್ದರು ಎಂಬುದನ್ನು ತಳ್ಳಿಹಾಕಲು ಆಧಾರವಿದೆ. ಬಹು ಹಿಂದೆ ಬಂದು ಬೇಗ ಹೊರಟುಹೋದವರ ಬಗ್ಗೆ ಭೂಮಿ ಸಾಕ್ಷಿ ಹೇಳಲಾರದು. ಆ ಸಾಕ್ಷಿಯನ್ನು ಚಂದ್ರನ ಚಿತ್ರಗಳಲ್ಲಿ ಕೇಳಬೇಕು.